ಎಲ್ಲಿ ಕೊರೆಯಲಿ

ಮೂರು ಗ್ರಾಮಿನ ಮೇಲೆ ಮೂರು ಗುಲಗಂಜಿ.
ಬೆಳ್ಳಿ. ಒರೆಗಲ್ಲು ಹೌದೆಂದಿತು.
ಹಳ್ಳದ ಮರಳು ಇನ್ನೂ ಅಂಚಿಗೆ ಅಂಟಿತ್ತು.

"ತೂತು ಹಾಕಿಕೊಡೋ ಮಾನಪ್ಪ," ಎಂದಳು ಗದ್ದೆಮ್ಮ,
"ಕೂಸಿನ ಉಡದಾರಕ್ಕ. ನಿನ್ನೆ ರಾತ್ರಿದು,
ಹೊಕ್ಕಳಬಳ್ಳಿ ಕೊಳ್ಳಿಗೆ ಸುತಗೊಂಡು ಬಂತು ಹುಡುಗಿ,
ಬಿಡಿಸೋದ್ರಾಗ ನನ್ನ ಜೀವ ಬಾಯಿಗೆ ಬಂತು.
ಮೈಲಿಗಿ ಅರಿವಿ ಒಗಿಯಾಗ ಇದು ಸಿಕ್ತು ಹಳ್ಳದಾಗ."

ಮಸ್ಕಿಯ ಬಜಾರದಲ್ಲಿ ನನ್ನದು ಎರಡು ಮಾರಿನ ಅಂಗಡಿ.
ಮೂರು ತಲೆಮಾರು ಊದುಗೊಳವೆ ಊದಿದ ಹೊಗೆ
ಜಂತಿಯ ಮೇಲೆ ಕಪ್ಪಾಗಿ ಕೂತಿದೆ.
ಭೂತಗನ್ನಡಿ ಕಣ್ಣಿಗಿಟ್ಟು ಬಗ್ಗಿದೆ:

ಒಬ್ಬ ಹೆಂಗಸು.
ಸೀರೆಯಲ್ಲ, ಮೊಣಕಾಲ ಮೇಲೆ ಎತ್ತಿ ಕಟ್ಟಿದ ಬಟ್ಟೆ,
ಕೈಯಲ್ಲಿ ಬಿಲ್ಲು, ಬೆನ್ನಿಗೆ ಬತ್ತಳಿಕೆ,
ಹಣೆಯ ಮೇಲೆ ಬಿದಿಗೆಯ ಚಂದ್ರ,
ಕಾಲ ಬಳಿ ಬಡಕಲು ನಾಯಿಯೊಂದು
ಮೂಗೆತ್ತಿ ಯಾವುದೋ ವಾಸನೆ ಹಿಡಿದಿದೆ.
ಹಿಂಬದಿಗೆ ಒಬ್ಬ ರಾಜ. ಅವನಿಗೆ ಕೊರಳ ಕೆಳಗೆ ಏನೂ ಇಲ್ಲ.

ಲಿಂಗಸುಗೂರಿನ ಕಾಲೇಜಿನಿಂದ ಸೂಟಿಗೆ ಬಂದ
ತಂಗಿಯ ಮಗಳು ಮೌನೇಶ್ವರಿ ಹೇಳಿದಳು:
ರೋಮ್ ಎಂಬ ಊರಿನ ದೇವತೆ, ಹೆಸರು ಡಯಾನಾ.
ಮೆಣಸು ಕೊಳ್ಳಲು ಹಡಗು ಹತ್ತಿ ಬಂದ ದುಡ್ಡು
ಹೇಗೋ ಇಷ್ಟು ದೂರ ಉರುಳಿರಬೇಕು.
ಕಾಡು ಅವಳದು, ಬೇಟೆ ಅವಳದು.
ಮೀಯುವಾಗ ನೋಡಿದವನೊಬ್ಬನನ್ನು
ಚಿಗರಿ ಮಾಡಿಬಿಟ್ಟಳಂತೆ;
ಅವನು ಸಾಕಿದ ನಾಯಿಗಳೇ ಅವನನ್ನು ಹರಿದವಂತೆ.

ನಾನು ಭೂತಗನ್ನಡಿ ಕೆಳಗಿಟ್ಟೆ.
ಬೀದಿಯಲ್ಲಿ, ಖಾನಾವಳಿಯ ಮುಂದೆ,
ಯಾವುದೋ ನಾಯಿ ಒಂದೇ ಸಲ ಬೊಗಳಿತು.

ಗದ್ದೆಮ್ಮ ನಕ್ಕಳು, ಎಲೆಯಡಿಕೆಯ ಕೆಂಪು ನಗೆ.
"ಬ್ಯಾಡರಾಕಿನ ಇರಬೇಕು ಬಿಡು.
ನಮ್ಮಪ್ಪನ ಹಿಂದ ನಾನೂ ಹೋಗೀನಿ,
ಲಂಗ ಎತ್ತಿ ಕಟ್ಟಿ, ಗುಡ್ಡದಾಗ ಮೊಲ ಎಬ್ಬಿಸಾಕ.
ಈಗ ಮೊಲ ಹೊಡೆದ್ರ ಜೇಲು,
ಬಲಿ ಅಟ್ಟದ ಮ್ಯಾಲೆ ಇಲಿ ಹಲ್ಲಿಗೆ ಬಿದ್ದೈತಿ.
ಗಂಡ ಯಾರಬೇ ಈಕಿಗೆ?"

"ಗಂಡ ಇಲ್ಲ ಅಜ್ಜಿ. ಒಲ್ಲೆ ಅಂದಳಂತ ಅಪ್ಪನ ಮುಂದ.
ಆದ್ರೂ ಬ್ಯಾನಿ ಎದ್ದ ಹೆಂಗಸರು
ಆಕಿನ್ನೇ ಕೂಗ್ತಿದ್ರಂತ,
ಕೂಸಿನ್ನ ಬೆಳಕಿಗೆ ತಾರವ್ವಾ ಅಂತ."

ಗದ್ದೆಮ್ಮ ಸುಮ್ಮನಾದಳು.
ಅರ್ಧ ಊರನ್ನು ಹಿಡಿದೆತ್ತಿದ ಕೈ
ಸೆರಗಿನ ಗಂಟಲ್ಲಿ ಸುಣ್ಣದ ಡಬ್ಬಿ ಹುಡುಕಿತು,
ಸಿಕ್ಕ ಮೇಲೂ ಹುಡುಕುತ್ತಲೇ ಇತ್ತು.
ಅವಳಿಗೆ ಮಕ್ಕಳಿಲ್ಲ. ಯಾಕೆ ಮದುವೆಯಾಗಲಿಲ್ಲ
ಎಂದು ಕೇಳುವ ಎದೆ ನಮ್ಮ ಓಣಿಗೆ ಇರಲಿಲ್ಲ.
ಒಮ್ಮೆ, ನನ್ನ ಹೆಂಡತಿಯ ಮೂರನೆಯ ಹೆರಿಗೆಯಲ್ಲಿ,
ನಾನು ಕದದ ಸಂದಿನಿಂದ ಇಣುಕಿದ್ದೆ;
ತಿರುಗಿ ನೋಡಿದ ಆ ಕಣ್ಣಿಗೆ
ನಾಲ್ಕು ಕಾಲಲ್ಲಿ ಓಡಿದ್ದೆ ಅಂಗಳದಾಚೆ.

"ಕೊರೀತೀಯೋ ಇಲ್ಲೋ?"

"ಎಲ್ಲಿ ಕೊರೀಲಿ ಗದ್ದೆಮ್ಮ?
ಚಂದ್ರನಿಗೆ ಕೊರೆದ್ರ ಅಮಾಸಿ,
ಬಿಲ್ಲಿಗೆ ಕೊರೆದ್ರ ಹೆದಿ ಹರೀತೈತಿ,
ನಾಯಿಗೆ ಕೊರೆದ್ರ
ರಾತ್ರಿ ನಾ ಮನಿ ಮುಟ್ಟಬೇಕಲ್ಲ!"

"ಆಕಿ ಮುಂದ ಬಯಲು ಐತಿ ನೋಡು,
ಬಾಣ ಹೋಗೋ ದಾರಿ. ಅಲ್ಲಿ ಹಾಕು."

ಹೌದು, ಬಿಲ್ಲಿನ ಮುಂದೆ
ಜೋಳದ ಕಾಳಿನಷ್ಟು ಬಯಲು,
ಅದನ್ನು ಅಚ್ಚೊತ್ತಿದ ಆ ಊರಿನ ಅಕ್ಕಸಾಲಿ
ಏನನ್ನೂ ಮೂಡಿಸದೆ ಬಿಟ್ಟ ಜಾಗ.
ಬೈರಿಗೆಯ ಮೊನೆಗೆ ಎಣ್ಣೆ ಹಚ್ಚಿದೆ, ಉಸಿರು ಹಿಡಿದೆ.
ಬೆಳ್ಳಿ ಬೆರಳಿಗೆ ಹಿಟ್ಟಿನಂತೆ ಬಂತು.
ಎರಡು ಸಾವಿರ ವರ್ಷ ಎಳೆದು ಹಿಡಿದದ್ದು
ಸಣ್ಣಗೆ ಕಿರ್ರೆಂದು ಹೊರಟಿತು.

ಮಗುಚಿ ನೋಡಿದೆ.
ರಾಜನ ಗಂಟಲಿನಿಂದ
ನನ್ನ ಅಂಗಡಿಯ ದೀಪ ಕಾಣುತ್ತಿತ್ತು.

ಕೂಲಿ ಇಪ್ಪತ್ತು ರೂಪಾಯಿ. ಚಿಲ್ಲರೆ ಎಣಿಸಿ ಕೊಟ್ಟಳು.
ಹುಡುಗಿಗೆ ಹೆಸರು ಇಟ್ಟಾರೇನು ಅಂದೆ,
ಇನ್ನೂ ಇಲ್ಲ ಅಂದಳು;
ಕರಿದಾರದ ತುದಿಯನ್ನು ಎಂಜಲಲ್ಲಿ ಹೊಸೆದು
ಬಾಣ ಹೋದ ದಾರಿಯಲ್ಲೇ ದಾರ ಪೋಣಿಸಿದಳು.